ಕೆಳಗೆ ನಿಂತವನು

ಇಬ್ಬರು ಸೇರಿ ಒಂದು ಬೀರುವನ್ನು ಮೆಟ್ಟಿಲು ಹತ್ತಿಸುವಾಗ ಮೇಲಿನವನಿಗೆ ಕೆಳಗಿನವನ ಮುಖ ಕಾಣುವುದಿಲ್ಲ. ಬೀರು ಅಡ್ಡ ಇರುತ್ತದೆ. ಇಬ್ಬರ ಹೆಗಲ ಮೇಲೂ ಅಗಲವಾದ ಪಟ್ಟಿ, ಪಟ್ಟಿಯ ತುದಿ ಬೀರುವಿನ ಅಡಿಗೆ. ಮೇಲಿನವನು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹತ್ತಬೇಕು, ಕೆಳಗಿನವನು ಮುಕ್ಕಾಲು ಭಾರ ಹೊರಬೇಕು. ಕಣ್ಣಿಗೆ ಕೆಲಸವಿಲ್ಲದ್ದರಿಂದ ಎಲ್ಲ ವ್ಯವಹಾರವೂ ಬಾಯಲ್ಲಿ. ಮೇಲಿನವನು "ಹೂಂ?" ಎಂದು ಕೇಳುತ್ತಾನೆ. ಕೆಳಗಿನವನು "ಹೂಂ" ಎಂದರೆ ಒಂದು ಮೆಟ್ಟಿಲು. ಅನ್ನದಿದ್ದರೆ ಇಲ್ಲ. ಇಬ್ಬರಲ್ಲಿ ಯಾರಾದರೂ "ಇಳಿಸು" ಎಂದರೆ ಅಲ್ಲೇ ಇಳಿಸಬೇಕು. ಯಾಕೆ ಎಂದು ಕೇಳುವ ಹಾಗಿಲ್ಲ, ಆಮೇಲೆ ಆಡಿಕೊಳ್ಳುವ ಹಾಗೂ ಇಲ್ಲ.

ಬೀರಣ್ಣ ಈ ಕಸುಬಿಗೆ ಇಳಿದಾಗ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಮನೆಯವರು ಇಟ್ಟ ಹೆಸರು ಬೇರೆಯೇ ಇದೆ, ಅದು ಈಗ ಲೈಸೆನ್ಸಿನ ಮೇಲೆ ಮಾತ್ರ ಉಳಿದಿದೆ. ಅಷ್ಟು ಬೀರುಗಳನ್ನು ಹೊತ್ತ ಮನುಷ್ಯನಿಗೆ ಜನ ಬೀರಣ್ಣ ಎಂದದ್ದರಲ್ಲಿ ತಪ್ಪೇನಿಲ್ಲ. ಕುಳ್ಳ, ಹೊಟ್ಟೆ ಸ್ವಲ್ಪ ಮುಂದೆ, ತೋಳು ಯಾರೂ ಎರಡನೇ ಸಲ ತಿರುಗಿ ನೋಡುವಂಥದ್ದಲ್ಲ. ಆದರೆ ಕೆಳಗೆ ನಿಂತರೆ ಗೋಡೆ. ಬೀರುವನ್ನು ಎತ್ತುವ ಮೊದಲು ಬೆರಳಿನ ಗೆಣ್ಣಿನಿಂದ ನಾಲ್ಕೂ ಮೂಲೆ ತಟ್ಟಿ, ಹುಳ ತಿಂದು ಒಳಗೆ ಟೊಳ್ಳಾಗಿದೆಯೋ ಇಲ್ಲವೋ ಎಂದು ಕಿವಿಯಲ್ಲೇ ತೀರ್ಮಾನ ಮಾಡುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ಕನ್ನಡಿಯೂ ಒಡೆದಿರಲಿಲ್ಲ, ಒಬ್ಬನ ಕಾಲೂ ಜಜ್ಜಿರಲಿಲ್ಲ. ಈ ವಿಷಯದಲ್ಲಿ ಮಾತ್ರ ಅವನಿಗೆ ಜಂಬ ಇತ್ತು, ಇರಲಿ ಬಿಡಿ.

ಕೆಳಗೆ ನಿಲ್ಲುವ ಆ ಜಾಗವನ್ನು ಅವನು ಬಿಟ್ಟುಕೊಟ್ಟದ್ದು ಮೊಣಕಾಲು ಕೈಕೊಟ್ಟ ಮೇಲೆ, ತನ್ನ ಭಾಮೈದನಿಗೆ. ಹೆಂಡತಿಯ ತಮ್ಮ. ತಾಯಿ ತೀರಿಕೊಂಡಾಗ ಇನ್ನೂ ಚಡ್ಡಿ ಹಾಕುತ್ತಿದ್ದ ಆ ಹುಡುಗ ಅಕ್ಕನ ಸೆರಗು ಹಿಡಿದುಕೊಂಡೇ ಈ ಮನೆಗೆ ಬಂದಿದ್ದ. ಮಕ್ಕಳಿಲ್ಲದ ಇಬ್ಬರೂ ಅವನನ್ನು ಅಂಗೈಯಲ್ಲಿಟ್ಟು ಬೆಳೆಸಿದರು. ಊಟಕ್ಕೆ ಕೂತರೆ ಬೀರಣ್ಣನ ತಟ್ಟೆಯ ಕೊನೇ ತುತ್ತು ಅವನ ಬಾಯಿಗೇ ಹೋಗಬೇಕು. ಈಗ ಅವನಿಗೆ ಇಪ್ಪತ್ತಾರು ದಾಟಿದೆ, ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುವುದಿಲ್ಲ. ಭುಜ ಎಂದರೆ ಭುಜ, ಎದೆ ಎಂದರೆ ಎದೆ. ಬೀರಣ್ಣ ಗಿರಾಕಿಗಳ ಮುಂದೆ "ನಮ್ಮ ಹುಡುಗ" ಎನ್ನುವಾಗ ಸ್ವಂತ ಕಟ್ಟಿಸಿದ ಮನೆ ತೋರಿಸುವವನ ಧಾಟಿ ಇರುತ್ತಿತ್ತು.

ಆ ಭುಜ ಬಂದದ್ದು ಬೀರು ಹೊತ್ತು ಅಲ್ಲ. ಫೋನಿನಿಂದ. ಲಾರಿಯಲ್ಲಿ ಹೋಗುವಾಗ ಬರುವಾಗ ಭಾಮೈದನ ಕೈಯಲ್ಲಿ ಫೋನು, ಫೋನಿನೊಳಗೆ ಅಂಗಿ ಕಳಚಿದ ಒಬ್ಬ ಗಂಡಸು ಕಿರುಚುತ್ತಿದ್ದ. "ಹಸಿವು ಅನ್ನೋದು ಸೋತವನ ನೆಪ! ಸಾಕು ಅಂದವನು ಗಂಡಸೇ ಅಲ್ಲ!" ಡ್ರೈವರ್ ಒಂದು ಸಲ, "ಇವನಿಗೆ ಯಾರಾದ್ರೂ ಒಂದು ಅಂಗಿ ಕೊಡಿಸ್ರಪ್ಪ, ಚಳಿಗೆ ಕಿರುಚ್ತಿದ್ದಾನೆ," ಎಂದ. ಬೀರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಭಾಮೈದ ನಗಲಿಲ್ಲ. ಕಿವಿಗೆ ವೈರು ಸಿಕ್ಕಿಸಿಕೊಂಡು ಕಿಟಕಿಯತ್ತ ತಿರುಗಿ ಕೂತ, ಲಾರಿಯ ಪಕ್ಕದ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡ.

ಆಮೇಲೆ ಅವನೇ ವಿಡಿಯೋ ಹಾಕತೊಡಗಿದ. ಒಬ್ಬನೇ ಫ್ರಿಜ್ಜು ಹೊತ್ತು ನಡೆಯುವುದು, ಸೋಫಾ ತಲೆಯ ಮೇಲಿಟ್ಟುಕೊಂಡು ಓಣಿ ದಾಟುವುದು. ಜನ ನೋಡಿದ್ದೇ ನೋಡಿದ್ದು. "ಆ ವಿಡಿಯೋದಲ್ಲಿರೋ ಹುಡುಗನೇ ಬರ್ಬೇಕು" ಎಂದು ಫೋನು ಮಾಡುವವರು ಹೆಚ್ಚಾದರು. ಮೊದಲು ಮೂಗು ಮುರಿದ ಬೀರಣ್ಣ ಆಮೇಲೆ ತಾನೇ ಡ್ರೈವರ್ ಕೈಗೆ ಫೋನು ಕೊಟ್ಟು, "ಸರಿಯಾಗಿ ತೆಗಿ ಮಾರಾಯ, ಲಾರಿ ಮೇಲಿನ ನಂಬರೂ ಬರ್ಲಿ," ಎನ್ನತೊಡಗಿದ. ಪ್ರಪಂಚ ಕಂಡ ಮನುಷ್ಯನೂ ಲಾಭ ಕಂಡಾಗ ಹೀಗೇ.

ಮನೆಯೊಳಗೆ ನಡೆಯುತ್ತಿದ್ದುದು ಬೇರೆ. ಅದನ್ನು ಕಂಡವಳು ಬೀರಣ್ಣನ ಹೆಂಡತಿ. ಹೊಸ ಮನೆಗಳಿಗೆ ಪರದೆ ಹೊಲಿದುಕೊಡುವ ಅವಳ ಮಿಷನ್ನು ಅಡುಗೆಮನೆ ಬಾಗಿಲಿನ ಪಕ್ಕದಲ್ಲೇ ಇತ್ತು, ಹಾಗಾಗಿ ಯಾರ ಹೊಟ್ಟೆಗೆ ಏನು ಹೋಯಿತು, ಏನು ಹೋಗಲಿಲ್ಲ ಎಲ್ಲವೂ ಅವಳ ಕಣ್ಣೆದುರಿಗೇ. ತಮ್ಮ ಒಟ್ಟಿಗೆ ಕೂತು ಉಣ್ಣುವುದನ್ನು ಬಿಟ್ಟಿದ್ದ. ಅಕ್ಕಸಾಲಿಗನಂತೆ ಸಣ್ಣ ತಕ್ಕಡಿ ಇಟ್ಟುಕೊಂಡು ಬೇಯಿಸಿದ ಮಾಂಸದ ಚೂರನ್ನು ತೂಗುತ್ತಿದ್ದ, ಹೆಚ್ಚಾದರೆ ಚಾಕುವಿನಿಂದ ಎಳೆಯಷ್ಟು ಕತ್ತರಿಸಿ ತೆಗೆಯುತ್ತಿದ್ದ. ಮೊಟ್ಟೆಯ ಹಳದಿಯೆಲ್ಲ ಪಕ್ಕದ ಮನೆ ಬೆಕ್ಕಿಗೆ. ಆ ಬೆಕ್ಕು ಉಬ್ಬಿ ದಿಂಬಿನ ಹಾಗಾಗಿತ್ತು. ಅವಳು ಅಪ್ಪಿತಪ್ಪಿ ಒಂದು ಚಮಚ ಎಣ್ಣೆ ಹೆಚ್ಚು ಹಾಕಿದರೆ ಇಡೀ ಪಾತ್ರೆ ಮುಟ್ಟುತ್ತಿರಲಿಲ್ಲ, ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಿದ್ದ. ಇನ್ನು ಕೆಲವು ದಿನ ಬಾಗಿಲು ಹಾಕಿಕೊಂಡು ಸಿಕ್ಕಿದ್ದೆಲ್ಲ ತಿನ್ನುತ್ತಿದ್ದ. ಹಾಸಿಗೆ ಕೊಡವಲು ಹೋದವಳಿಗೆ ಬ್ರೆಡ್ಡಿನ, ಬಿಸ್ಕತ್ತಿನ ಖಾಲಿ ಪೊಟ್ಟಣಗಳು ರಾಶಿ ಸಿಕ್ಕಿದವು. ಅದರ ಮರುದಿನ ಅವನು ಏನನ್ನೂ ಮುಟ್ಟಲಿಲ್ಲ. ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ವಾಂತಿ ಮಾಡುವ ಸದ್ದನ್ನು ಅವಳು ಮಿಷನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ರೀ, ಅವನಿಗೆ ಏನೋ ಆಗಿದೆ," ಎಂದಳು ಗಂಡನಿಗೆ.

"ಏನಾಗಿದೆ? ಕಲ್ಲುಗುಂಡು ಇದ್ದ ಹಾಗಿದ್ದಾನೆ."

"ಅಂಗಿಯೊಳಗೆ ಮೂರು ಮೂರು ಬನಿಯನ್ ಹಾಕ್ಕೋತಾನೆ, ಗೊತ್ತಾ? ಈ ಸೆಕೆಯಲ್ಲಿ."

"ಪಟ್ಟಿ ಉಜ್ಜುತ್ತಲ್ಲ, ಅದಕ್ಕೆ."

"ಅದಕ್ಕಲ್ಲ. ನಾನು ಕೇಳ್ದೆ. ಇಲ್ದಿದ್ರೆ ಸಣ್ಣಗೆ ಕಾಣ್ತೀನಿ ಅಕ್ಕ ಅಂದ."

ಬೀರಣ್ಣನಿಗೆ ಇದು ತಮಾಷೆಯಾಗಿ ಕಂಡಿತು. "ಅವನು ಸಣ್ಣಗಾದ್ರೆ ನಾನು ಸೊಳ್ಳೆ," ಎಂದು ಮಗ್ಗುಲು ಬದಲಿಸಿದ. ಅವನ ಎದೆಯ ಮೂಲೆಯಲ್ಲಿ ಏನೋ ಚುಚ್ಚಿದ್ದು ನಿಜ. ಆದರೆ ಮುಂದಿನ ವಾರವಿಡೀ ಕೆಲಸ ಒಪ್ಪಿಕೊಂಡಾಗಿತ್ತು, ಬಂದವರೆಲ್ಲ ಕೇಳಿದ್ದು ಆ ಹುಡುಗನನ್ನೇ. ಚುಚ್ಚಿದ್ದನ್ನು ಕೆದಕುವುದಕ್ಕೆ ಬೀರಣ್ಣನಿಗೆ ಮನಸ್ಸಾಗಲಿಲ್ಲ.

ಟೀಚರಮ್ಮನ ಬೀರು ಬಂದದ್ದು ಆ ವಾರದಲ್ಲೇ. ನಿವೃತ್ತಿಯಾಗಿ, ದೊಡ್ಡ ಮನೆ ಬಿಟ್ಟು, ಮೂರನೇ ಮಹಡಿಯ ಸಣ್ಣ ಮನೆಗೆ ಹೋಗುತ್ತಿದ್ದ ಹೆಂಗಸು. ಅಮ್ಮನ ಕಾಲದ ಮರದ ಬೀರು ಒಂದನ್ನು ಮಾತ್ರ ಬಿಟ್ಟು ಹೋಗಲು ಒಪ್ಪಲಿಲ್ಲ. ಬಿಡಿಸಲು ಬಾರದ ಒಂದೇ ಕಟ್ಟಿನ ಬೀರು, ಲಿಫ್ಟಿನೊಳಗೆ ಹಿಡಿಸುವುದಿಲ್ಲ, ಮೆಟ್ಟಿಲು ಇಕ್ಕಟ್ಟು. ಇಂಥದ್ದು ಸಿಕ್ಕಿದರೆ ಭಾಮೈದನಿಗೆ ಹಬ್ಬ. ಹಿಂದಿನ ದಿನದಿಂದಲೇ ಅವನು ನೀರು ಬಿಟ್ಟಿದ್ದ. ನೀರು ಕುಡಿಯದಿದ್ದರೆ ಚರ್ಮ ಬಿಗಿಯಾಗಿ ನರ ಎದ್ದು ಕಾಣುತ್ತದೆ ಎಂದು ಫೋನಿನ ಆ ಮಹಾನುಭಾವ ಹೇಳಿಕೊಟ್ಟಿದ್ದ.

ಬೆಳಿಗ್ಗೆ ಬೀರಣ್ಣ ಚಪ್ಪಲಿ ಮೆಟ್ಟುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ರೀ, ಒಂದು ಮಾತು. ಇವತ್ತು ಅವನನ್ನ ಕೆಳಗೆ ನಿಲ್ಲಿಸ್ಬೇಡಿ. ರಾತ್ರಿಯಿಂದ ಕಾಲು ಸೆಡೆತ ಅಂತ ನರಳ್ತಿದ್ದಾನೆ. ನನ್ನಾಣೆ."

"ಆಯ್ತು ಮಾರಾಯ್ತಿ, ನಾನೇ ನಿಲ್ತೀನಿ," ಎಂದ ಬೀರಣ್ಣ. ಹೇಳುವಾಗ ಆ ಮಾತನ್ನು ಉಳಿಸಿಕೊಳ್ಳುವ ಮನಸ್ಸೇ ಇತ್ತು.

ಮೆಟ್ಟಿಲ ಬುಡದಲ್ಲಿ ಬೀರುವನ್ನು ಕಂಬಳಿಯಲ್ಲಿ ಸುತ್ತಿ, ನಾಲ್ಕೂ ಮೂಲೆ ತಟ್ಟಿ ನೋಡಿ, ಪಟ್ಟಿ ಹಾಕುವ ಹೊತ್ತಿಗೆ ಬೀರಣ್ಣ ಕೆಳಗಿನ ಪಟ್ಟಿಗೆ ಕೈ ಹಾಕಿದ. ಭಾಮೈದ ಅದನ್ನು ಕಿತ್ತುಕೊಂಡ. ಅವನ ತುಟಿ ಬಿರಿದಿತ್ತು, ಬಾಯಿಯ ಮೂಲೆಯಲ್ಲಿ ಬಿಳಿ ಕಟ್ಟಿತ್ತು.

"ಇವತ್ತು ನಾನು ಕೆಳಗೆ," ಎಂದ ಬೀರಣ್ಣ.

"ಮೊಣಕಾಲು ಇಟ್ಕೊಂಡಾ? ಭಾವ, ತಮಾಷೆ ಮಾಡ್ಬೇಡಿ. ಮೇಲೆ ನಿಂತ್ರೆ ವಿಡಿಯೋದಲ್ಲಿ ನನ್ನ ಬೆನ್ನು ಬಿಟ್ಟು ಏನೂ ಕಾಣಲ್ಲ. ನಾಳೆ ಹಾಕ್ತೀನಿ ಅಂತ ಎಲ್ರಿಗೂ ಹೇಳಿಬಿಟ್ಟಿದ್ದೀನಿ."

"ನಿಮ್ಮಕ್ಕ..."

"ಅಕ್ಕನಿಗೆ ನಾನಿನ್ನೂ ಚಡ್ಡಿ ಹುಡುಗ. ನಿಮಗೂ ಹಾಗೇನಾ?"

"ನೀರಾದ್ರೂ ಕುಡಿ," ಎಂದು ಬೀರಣ್ಣ ಬಾಟಲಿ ಕೊಟ್ಟ. ಭಾಮೈದ ಬಾಯಿ ತುಂಬ ತುಂಬಿಕೊಂಡು, ಮುಕ್ಕಳಿಸಿ, ಚರಂಡಿಗೆ ಉಗಿದ. ಬೀರಣ್ಣ ಅದನ್ನು ನೋಡಿದ. ನೋಡಿಯೂ ಆ ಭುಜಗಳತ್ತ ಇನ್ನೊಂದು ಸಲ ಕಣ್ಣು ಹಾಯಿಸಿದ. ಈ ಭುಜ ಸೋಲುವುದುಂಟೇ? ಮರವನ್ನು ತಟ್ಟದೆ ನಂಬದ ಮನುಷ್ಯ ಅಂದು ಬರೀ ಕಣ್ಣನ್ನು ನಂಬಿದ. ಮೇಲಿನ ಪಟ್ಟಿಯನ್ನು ತನ್ನ ಹೆಗಲಿಗೆ ಹಾಕಿಕೊಂಡ.

ಡ್ರೈವರ್ ಫೋನು ಹಿಡಿದು ಸದಾ ಒಂದು ತಿರುವು ಮುಂದೆ ಹತ್ತಿ, ಕಟಾಂಜನದ ಮೇಲಿಂದ ಬಗ್ಗಿ ನಿಲ್ಲುತ್ತಿದ್ದ. ಅಲ್ಲಿಂದ ಅವನಿಗೆ ಭಾಮೈದನ ಮುಖ ಕಾಣುತ್ತಿತ್ತು. ಬೀರಣ್ಣನಿಗೆ ಕಂಬಳಿ ಮಾತ್ರ.

"ಹೂಂ?"

"ಹೂಂ!"

ಮೊದಲ ಮಹಡಿಯವರೆಗೆ ಗಡಿಯಾರದ ಹಾಗೆ ಹೋಯಿತು. ತಿರುವಿನಲ್ಲಿ ಬೀರುವನ್ನು ಓರೆ ಮಾಡಿ, ಗೋಡೆಯ ಸುಣ್ಣ ಕೆರೆಯದ ಹಾಗೆ ತಿರುಗಿಸಿದರು. ಟೀಚರಮ್ಮ ಕೆಳಗೆ ಬಾಗಿಲ ಹತ್ತಿರ ನಿಂತು "ಜೋಪಾನ ಕಣ್ರಪ್ಪಾ" ಎನ್ನುತ್ತಿದ್ದರು. ಎರಡನೇ ಮಹಡಿಯ ಮೆಟ್ಟಿಲಿನ ನಡುವೆ "ಹೂಂ" ತಡವಾಗಿ ಬಂತು. ಮುಂದಿನದು ಇನ್ನೂ ತಡ. ಅದರ ಮುಂದಿನದು ಗಂಟಲಿನಿಂದ ಬಂದ ಹಾಗಿರಲಿಲ್ಲ, ಮೂಗಿನಿಂದ ಬಂದ ಹಾಗಿತ್ತು. ಬೀರಣ್ಣನ ಕಿವಿ ನೆಟ್ಟಗಾಯಿತು. ಪಟ್ಟಿ ಅದುರುತ್ತಿತ್ತು. ಭಾರ ತನ್ನ ಕಡೆಗೆ ಒಂದಿಷ್ಟು ಒಂದಿಷ್ಟೇ ಸರಿದು ಬರುತ್ತಿರುವುದು ಅವನ ಹೆಗಲಿಗೆ ತಿಳಿಯಿತು.

"ಇಳಿಸು," ಎಂದ.

ಪಟ್ಟಿ ಸಡಿಲಾಗಲಿಲ್ಲ.

"ಇಳಿಸೋ. ಇಳಿಸು ಅಂದೆ."

"ಬೇಡ... ನಡೀರಿ ಭಾವ. ರೆಕಾರ್ಡ್ ಆಗ್ತಿದೆ."

ಮೇಲಿಂದ ಡ್ರೈವರ್ ಖುಷಿಯಲ್ಲಿ ಕೂಗಿದ, "ಮುಖ ಸಖತ್ತಾಗಿ ಬರ್ತಿದೆ ಕಣೋ! ಹಾಗೇ ಇಟ್ಕೋ! ಬೆವರೇ ಇಲ್ಲ, ಹಾಲಿನ ಹಾಗೆ ಬೆಳ್ಳಗಿದೆ!"

ಬೆವರಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಬೀರಣ್ಣ ಪಟ್ಟಿಯನ್ನು ಬಿಗಿಯಾಗಿ ಹಿಡಿದ. ಮೂರನೇ ಮಹಡಿಗೆ ಮರದ ಬೀರು ಹೊರುವವನಿಗೆ ಬೆವರು ಬಾರದೆ ಇರುತ್ತದೆಯೇ? "ಇಳಿಸೋ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಒಂದು ಚಿಕ್ಕ ಸದ್ದು ಬಂತು, ನಿದ್ದೆಯಲ್ಲಿ ಮಗು ಮುಲುಗಿದ ಹಾಗೆ. ಇಡೀ ಬೀರು ಕೆಳಕ್ಕೆ ಜಾರಿತು.

ಪಟ್ಟಿ ಬೀರಣ್ಣನ ಕತ್ತಿಗೆ ಕಚ್ಚಿತು. ಅವನು ಯೋಚಿಸಲಿಲ್ಲ, ಮೆಟ್ಟಿಲ ಮೇಲೆ ಕುಕ್ಕರಿಸಿ, ಒಂದು ಕಾಲನ್ನು ಕಟಾಂಜನಕ್ಕೆ, ಇನ್ನೊಂದನ್ನು, ಆ ಹಾಳು ಮೊಣಕಾಲನ್ನು, ಗೋಡೆಗೆ ಒತ್ತಿ, ಹಿಂದಕ್ಕೆ ಮಲಗಿಬಿಟ್ಟ. ಬೀರು ಕಿರ್ರೆಂದು ಗೋಡೆ ಕೆರೆದು ನಿಂತಿತು. ಯಾವುದರ ಮೇಲೆ ನಿಂತಿತು ಎಂದು ಅವನಿಗೆ ಕಾಣುತ್ತಿರಲಿಲ್ಲ. ಅದೇ ಜೀವ ಹಿಂಡುತ್ತಿತ್ತು.

ಡ್ರೈವರ್ ಫೋನು ಬಿಸಾಕಿ ಓಡಿ ಬಂದ. ಬಂದು ಏನು ಮಾಡುತ್ತಾನೆ? ಮೆಟ್ಟಿಲಿನ ಅಗಲವೆಲ್ಲ ಬೀರು. ಆಚೆ ಹೋಗಲು ದಾರಿಯಿಲ್ಲ. ಬೀರಣ್ಣನ ಬೆನ್ನಿಗೆ ಬಂದು ಪಟ್ಟಿಗೆ ಕೈ ಕೊಟ್ಟ, ಅಷ್ಟೇ ಸಾಧ್ಯವಾದದ್ದು.

"ಹೂಂ?" ಎಂದ ಬೀರಣ್ಣ. ಬಾಯಿಗೆ ಬೇರೆ ಏನೂ ಬರಲಿಲ್ಲ. "ಹೂಂ? ಹೂಂ ಅನ್ನೋ. ಒಂದ್ಸಲ ಹೂಂ ಅನ್ನಪ್ಪಾ."

ಕೆಳಗೆ ಟೀಚರಮ್ಮ ಕಿರುಚಿಕೊಂಡದ್ದು, ಬಾಗಿಲುಗಳು ತೆರೆದದ್ದು, ಯಾರೋ ಓಡಿ ಹತ್ತಿದ್ದು ಕೇಳಿಸಿತು. "ಪಾದ ಸಿಕ್ಕಿಕೊಂಡಿದೆ, ಸ್ವಲ್ಪ ಎತ್ತಿ!" ಎಂದು ಒಂದು ಗಂಡಸಿನ ದನಿ. ಎತ್ತಿ ಎನ್ನುವುದು ಸುಲಭ. ಬೀರಣ್ಣ ಹಲ್ಲು ಕಚ್ಚಿ ಎತ್ತಿದ, ಮೊಣಕಾಲಿನೊಳಗೆ ಏನೋ ಲಟಕ್ಕೆಂದಿತು, ಆದರೂ ಬಿಡಲಿಲ್ಲ. "ಬಂತು, ಬಂತು, ಎಳೆದ್ವಿ" ಎಂದರು. "ಉಸಿರಿದೆಯಾ?" ಎಂದು ಅವನು ಕೇಳಿದ. ಉತ್ತರ ಬರುವಷ್ಟರಲ್ಲಿ ಬೀರಣ್ಣ ಬೇಡಿಕೊಳ್ಳದ ದೇವರಿಲ್ಲ. ಆಮೇಲೆ ಟೀಚರಮ್ಮನ ದನಿ ಬಂತು, "ಇದೆ. ಇದೆ ಕಣಪ್ಪಾ."

ಆಸ್ಪತ್ರೆಯಲ್ಲಿ ಪಾದಕ್ಕೆ ಪ್ಲಾಸ್ಟರ್ ಹಾಕಿದರು, ಮೂಳೆ ಮುರಿದಿತ್ತು. ಅದು ಸಣ್ಣ ವಿಷಯ ಎಂದರು ಡಾಕ್ಟರಮ್ಮ, ಇನ್ನೂ ಎಳೇ ವಯಸ್ಸಿನವರು. ಎದೆಬಡಿತ ತಾಳ ತಪ್ಪಿದೆ, ರಕ್ತದಲ್ಲಿ ಇರಬೇಕಾದ ಲವಣಗಳು ಇಲ್ಲ, ಅದು ದೊಡ್ಡ ವಿಷಯ.

"ಊಟ ಹೇಗೆ ಮಾಡ್ತಾರೆ? ಏನಾದ್ರೂ ಔಷಧಿ, ಪುಡಿ, ಮಾತ್ರೆ ತಗೋತಾರಾ? ಇತ್ತೀಚೆಗೆ ಏನಾದ್ರೂ ಬದಲಾವಣೆ ಕಂಡಿದ್ದೀರಾ?"

ಬೀರಣ್ಣನ ಹೆಂಡತಿ ಬಾಯಿ ತೆರೆದಳು. ಅವಳಿಗಿಂತ ಮೊದಲೇ ಬೀರಣ್ಣ ಹೇಳಿಬಿಟ್ಟ, "ಏನಿಲ್ಲ ಡಾಕ್ಟ್ರೇ. ಬೆಳಿಗ್ಗೆ ತಿಂಡಿ ತಿಂದಿರ್ಲಿಲ್ಲ. ಸೆಕೆ ಬೇರೆ."

ಯಾಕೆ ಹಾಗೆ ಹೇಳಿದ? ಹುಡುಗನಿಗೆ ತಲೆ ಕೆಟ್ಟಿದೆ ಎಂದು ಎಲ್ಲಿ ಬರೆದುಬಿಡುತ್ತಾರೋ ಎಂದು. ನಾಳೆ ನಾಲ್ಕು ಜನಕ್ಕೆ ಗೊತ್ತಾದರೆ ಎಂದು. ಮುಂದಿನ ವಾರದ ಕೆಲಸವೂ ಆ ಗಳಿಗೆಯಲ್ಲಿ ತಲೆಯೊಳಗೆ ಸುಳಿಯದೆ ಇರಲಿಲ್ಲ, ನಾಚಿಕೆಗೇಡು ಎಂದರೆ ಇದೇ. ಹೆಂಡತಿ ಅವನನ್ನು ನೋಡಿದ ನೋಟಕ್ಕೆ ಅವನು ತಲೆ ತಗ್ಗಿಸಿದ. ಡಾಕ್ಟರಮ್ಮ ಒಂದು ನಿಮಿಷ ಕಾದು, "ನೆನಪಾದ್ರೆ ಹೇಳಿ, ಪಕ್ಕದ ಕೋಣೆಯಲ್ಲೇ ಇರ್ತೀನಿ," ಎಂದು ಹೊರಟರು.

ಸಂಜೆ ಹೊತ್ತಿಗೆ ಭಾಮೈದ ಪೂರ್ತಿ ಎಚ್ಚರಗೊಂಡ. ಎರಡೂ ಕೈಗೆ ಸೂಜಿ, ಎದೆಯ ಮೇಲೆ ವೈರುಗಳು. ಮೂರು ಬನಿಯನ್ನೂ ಕತ್ತರಿಸಿ ತೆಗೆದಿದ್ದರು. ಆಸ್ಪತ್ರೆಯ ತೆಳು ಅಂಗಿಯಲ್ಲಿ ಮಲಗಿದ್ದವನು ಮೊದಲು ಮಾಡಿದ ಕೆಲಸ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡದ್ದು. ಎರಡನೆಯದು, "ವಿಡಿಯೋ ಎಲ್ಲಿ?" ಎಂದು ಕೇಳಿದ್ದು.

ಗಾಜು ಬಿರಿದ ಫೋನನ್ನು ಡ್ರೈವರ್ ಬೀರಣ್ಣನ ಕೈಗೆ ಕೊಟ್ಟು ಹೋಗಿದ್ದ. ಅಕ್ಕ, "ಈಗ ಬೇಡ ಪುಟ್ಟಾ," ಎಂದಳು. ಬೀರಣ್ಣನೇ ಕೊಟ್ಟ. ನೋಡಲಿ, ತನ್ನ ಮುಖ ಹೆಣದ ಹಾಗೆ ಬಿಳಿಚಿದ್ದನ್ನು ಅವನೇ ನೋಡಲಿ, ಬುದ್ಧಿ ಬರಲಿ ಎಂಬ ಲೆಕ್ಕ.

ಭಾಮೈದ ನೋಡಿದ. ತನ್ನ ಮೊಣಕಾಲು ಮಡಚಿ, ಬೀರು ತನ್ನ ಮೇಲೆ ಜಾರಿ, ಫೋನು ಉರುಳುವವರೆಗೆ ಕಣ್ಣು ಮಿಟುಕಿಸದೆ ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಬೆರಳಿನಿಂದ ಹಿಂದಕ್ಕೆ ಸರಿಸಿ, ಬೀಳುವುದಕ್ಕಿಂತ ಮೊದಲು ಒಂದು ಕಡೆ ನಿಲ್ಲಿಸಿ, ತನ್ನ ತೋಳನ್ನು ದೊಡ್ಡದು ಮಾಡಿದ. ಆಗ ಅವನ ಕಣ್ಣು ತುಂಬಿ ಬಂತು.

"ನೋಡಿ ಭಾವ," ಎಂದ. "ಎಷ್ಟು ಸಣ್ಣಗಿದೆ. ಇಷ್ಟು ಮಾಡಿಯೂ ಕಡ್ಡಿ ಹಾಗೇ ಇದೆ. ಇದನ್ನ ಯಾರಿಗೂ ತೋರಿಸ್ಬೇಡಿ, ಜನ ನಗ್ತಾರೆ."

ಬೀರಣ್ಣ ಬಗ್ಗಿ ನೋಡಿದ. ಪರದೆಯ ತುಂಬ ತೋಳು, ಹಗ್ಗದಂಥ ನರ. ತಮಾಷೆ ಮಾಡುತ್ತಿದ್ದಾನೇನೋ ಎಂದು ಮುಖ ನೋಡಿದ. ತಮಾಷೆಯಿರಲಿಲ್ಲ. ಬೀರಣ್ಣ ತನ್ನ ತೋಳನ್ನು ಚಾಚಿ, ಹೊದಿಕೆ ಸರಿಸಿ, ಅವನ ತೋಳಿನ ಪಕ್ಕಕ್ಕೆ ಇಟ್ಟ. "ಈಗ ಹೇಳು. ಯಾವುದು ದೊಡ್ಡದು?"

ಭಾಮೈದ ಎರಡನ್ನೂ ನೋಡಿದ, ನಿಧಾನವಾಗಿ, ಪ್ರಾಮಾಣಿಕವಾಗಿ. "ನಿಮ್ಮದು, ಭಾವ," ಎಂದ.

ಇಷ್ಟು ದಿನ ಬೀರಣ್ಣ ತಿಳಿದದ್ದು ಇದು ಹಮ್ಮು, ಹುಡುಗಾಟ, ಹೆಚ್ಚೆಂದರೆ ಹಟ ಎಂದು. ನಾಲ್ಕು ಬೈದು, ಎರಡು ತುತ್ತು ಬಾಯಿಗಿಟ್ಟರೆ ಇಳಿದುಹೋಗುವಂಥದ್ದು ಎಂದು. ಈಗ ಗೊತ್ತಾಯಿತು. ಮೂಳೆ ಕೂಡಿದ ದಿನವೇ ಈ ಹುಡುಗ ಮತ್ತೆ ನೀರು ಬಿಡುತ್ತಾನೆ. ಆಗ ಬೀರುವಿನ ಅಡಿಯಿಂದ ಎಳೆದು ತೆಗೆಯಲು ಯಾರಾದರೂ ಇರುತ್ತಾರೋ ಇಲ್ಲವೋ.

ಅವನು ಎದ್ದ. ಊದಿದ ಮೊಣಕಾಲು ಎಳೆಯುತ್ತ ಪಕ್ಕದ ಕೋಣೆಗೆ ನಡೆದ. ಹೆಂಡತಿಯೂ ಹಿಂದೆಯೇ ಬಂದಳು. ಡಾಕ್ಟರಮ್ಮ ತಲೆ ಎತ್ತಿ ಕುರ್ಚಿ ತೋರಿಸಿದರು. ಕೂತರೆ ಧೈರ್ಯ ಸೋರಿಹೋಗುತ್ತದೆ ಎಂದು ಅವನು ಕೂರಲಿಲ್ಲ.

"ಆಗ ನಾನು ಸುಳ್ಳು ಹೇಳ್ದೆ ಡಾಕ್ಟ್ರೇ," ಎಂದ. "ಅವನು ಸರಿಯಾಗಿ ಉಂಡು ವರ್ಷದ ಮೇಲಾಯ್ತು. ಇವಳು ಹೇಳ್ತಾನೇ ಇದ್ಲು. ನಾನು ಅವನನ್ನ ತೋರಿಸಿ ಗಿರಾಕಿ ಹಿಡೀತಿದ್ದೆ."

ಅಷ್ಟು ಹೇಳಿ ಅವನು ಹೆಂಡತಿಯತ್ತ ತಿರುಗಿದ. ಉಳಿದದ್ದನ್ನು ಹೆಂಡತಿ ಹೇಳತೊಡಗಿದಳು, ತಕ್ಕಡಿಯಿಂದ ಹಿಡಿದು ಒಂದೊಂದಾಗಿ. ಬೀರಣ್ಣ ಗೋಡೆಗೆ ಒರಗಿ ನಿಂತು, ಈ ಸಲ ಒಂದಕ್ಷರ ಬಿಡದೆ ಕೇಳಿಸಿಕೊಂಡ.